ಬಾಡಿಗೆ ಯಾಕೆ ಕಡಿಮೆ ಇತ್ತು? ಆರು ಬೊಹೀಮಿಯನ್ ಕೇರಿಗಳಲ್ಲಿ ನಿಮಗೆ ಯಾವುದು

ಬೊಹೀಮಿಯನ್ ಕೇರಿ ಅಂದರೆ ಹೆಚ್ಚಿನವರ ತಲೆಯಲ್ಲಿ ಒಂದೇ ಚಿತ್ರ. ಗೋಡೆ ತುಂಬಾ ಬಣ್ಣ, ಬೀದಿಗೆ ಕುರ್ಚಿ ಹಾಕಿದ ಕಾಫಿ ಅಂಗಡಿ, ಹಳೇ ಪುಸ್ತಕದ ರಾಶಿ, ಗಿಟಾರ್ ಹಿಡಿದ ಹುಡುಗ, ಮಧ್ಯಾಹ್ನದವರೆಗೂ ಏಳದ ಜನ. ಈ ಚಿತ್ರ ಇಟ್ಟುಕೊಂಡು ಊರು ಆರಿಸಲು ಹೊರಟರೆ ಯಾವುದಾದರೂ ಆದೀತು. ಈ ಸಾಮಾನೆಲ್ಲ ಈಗ ಹೊಸ ಮಾಲ್‌ಗಳಲ್ಲೂ ಸಿಗುತ್ತದೆ. ಗೋಡೆಗೆ ಬೇಕಂತಲೇ ಅರ್ಧ ಪ್ಲಾಸ್ಟರ್ ಕಿತ್ತು ಇಟ್ಟಿಗೆ ತೋರಿಸುವ ಹೋಟೆಲುಗಳನ್ನು ನೀವೂ ನೋಡಿದ್ದೀರಿ, ಅಲ್ವಾ?

ನಾನು ಬೇರೆ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಇಲ್ಲಿ ಬಾಡಿಗೆ ಯಾಕೆ ಕಡಿಮೆ ಇತ್ತು? ಕಲಾವಿದರು ಒಂದು ಜಾಗಕ್ಕೆ ಬರುವುದು ಅಲ್ಲಿ ಕೈಯಲ್ಲಿರುವ ದುಡ್ಡಿಗೆ ಒಂದು ಕೋಣೆ ಸಿಗುತ್ತದೆ ಅಂತ. ಅಂದ ಚಂದ ಆಮೇಲಿನ ಮಾತು. ದೊಡ್ಡ ಊರಿನ ನಡುವೆ ಕೋಣೆ ಸುಮ್ನೆ ಅಗ್ಗಕ್ಕೆ ಸಿಗುವುದಿಲ್ಲ. ಅದಕ್ಕೊಂದು ಕಾರಣ ಇರುತ್ತದೆ: ಒಂದು ಸುಂಕದ ಗೋಡೆ, ಒಂದು ಯುದ್ಧ, ಯಾರೋ ಬಿಟ್ಟುಹೋದ ಮನೆ. ಕೇರಿಯ ಸ್ವಭಾವ ಆ ಕಾರಣದಿಂದ ಬಂದಿರುತ್ತದೆ. ಆ ಕಾರಣ ಇನ್ನೂ ಉಳಿದಿದೆಯೋ ಇಲ್ಲವೋ ಅಂತ ಗೊತ್ತಾದರೆ, ಅಲ್ಲಿ ಇವತ್ತು ನಿಮಗೆ ಏನು ಸಿಗುತ್ತದೆ ಅನ್ನುವುದೂ ಅರ್ಧ ಗೊತ್ತಾದ ಹಾಗೆ.

ಬೊಹೀಮಿಯನ್ ಅನ್ನುವ ಹೆಸರು ಹುಟ್ಟಿದ್ದೂ ಒಂದು ತಪ್ಪು ತಿಳಿವಳಿಕೆಯಿಂದಲೇ. ಬೊಹೀಮಿಯಾ ಇರುವುದು ಇವತ್ತಿನ ಚೆಕ್ ದೇಶದಲ್ಲಿ. ಅಲೆಮಾರಿ ರೋಮಾ ಜನ ಅಲ್ಲಿಂದ ಬಂದವರು ಅಂತ ಫ್ರೆಂಚರು ಅಂದುಕೊಂಡು ಅವರನ್ನು ಹಾಗೆ ಕರೆದರು. 19ನೇ ಶತಮಾನದಲ್ಲಿ, ಇವತ್ತು ಈ ಮನೆ ನಾಳೆ ಆ ಮನೆ ಅಂತ ಬದುಕುತ್ತಿದ್ದ ಪ್ಯಾರಿಸ್‌ನ ಬಡ ಕಲಾವಿದರಿಗೂ ಅದೇ ಹೆಸರು ಅಂಟಿಕೊಂಡಿತು. ಇನ್ನು ಬಡಾವಣೆ ಅನ್ನುವ ಪದವನ್ನು ನಾನು ಬೇಕಂತಲೇ ಬಿಟ್ಟಿದ್ದೇನೆ. ಬಡಾವಣೆ ಅಂದರೆ ನಕ್ಷೆ, ಅಡ್ಡರಸ್ತೆ, ಸೈಟಿನ ನಂಬರು. ಕೆಳಗಿನ ಆರರ ಸ್ವಭಾವ ಹಾಗೆ ನಕ್ಷೆಯಿಂದ ಹುಟ್ಟಿದ್ದಲ್ಲ.

ನೆನಪು ನೋಡಲು ಹೋಗುವವರಿಗೆ: ಮೊಂಮಾರ್ತ್ರ, ಗ್ರೆನಿಚ್ ವಿಲೇಜ್

ಮೊಂಮಾರ್ತ್ರ ಪ್ಯಾರಿಸ್‌ನ ಉತ್ತರಕ್ಕಿರುವ ಗುಡ್ಡ. ಎತ್ತರ ಸುಮಾರು 130 ಮೀಟರ್. 1860ರವರೆಗೆ ಅದು ಪ್ಯಾರಿಸ್‌ಗೆ ಸೇರಿರಲಿಲ್ಲ. ಪ್ಯಾರಿಸ್ ಸುತ್ತ ಒಂದು ಸುಂಕದ ಗೋಡೆ ಇತ್ತು. ಒಳಗೆ ಹೋಗುವ ವೈನ್‌ಗೆ ತೆರಿಗೆ ಕಟ್ಟಬೇಕು, ಗೋಡೆಯ ಹೊರಗೆ ಕಟ್ಟಬೇಕಿಲ್ಲ. ಹಾಗಾಗಿ ಗುಡ್ಡದ ಮೇಲೆ ಕುಡಿತ ಅಗ್ಗ, ಕುಣಿತ ಜಾಸ್ತಿ. ಇನ್ನೊಂದು ಕಾರಣ ನೆಲದ ಕೆಳಗಿತ್ತು. ಗುಡ್ಡದ ಒಳಗೆಲ್ಲ ಜಿಪ್ಸಂ ಗಣಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅನ್ನುತ್ತೇವಲ್ಲ, ಅದಕ್ಕೆ ಆ ಹೆಸರು ತಂದುಕೊಟ್ಟಿದ್ದು ಇಲ್ಲಿನ ಕಲ್ಲು. ತೋಡಿ ತೋಡಿ ಪೊಳ್ಳಾದ ಗುಡ್ಡದ ಮೇಲೆ ದೊಡ್ಡ ಕಟ್ಟಡ ಕಟ್ಟುವುದು ಕಷ್ಟ. ತಗ್ಗು ಮನೆಗಳು, ತರಕಾರಿ ತೋಟಗಳು, ಗಾಳಿಗಿರಣಿಗಳು ಬಹಳ ಕಾಲ ಹಾಗೇ ಉಳಿದವು.

ಇಂಥ ಜಾಗಕ್ಕೆ ಚಿತ್ರಕಾರರು ಬಂದರು. ವಾನ್ ಗೋ 1886ರಿಂದ 1888ರವರೆಗೆ ತಮ್ಮನ ಜೊತೆ ಲೆಪಿಕ್ ಬೀದಿಯಲ್ಲಿದ್ದ. ಪಿಕಾಸೊ 1904ರಲ್ಲಿ ಬಾತೊ ಲಾವ್ವಾರ್ ಅನ್ನುವ ಮರದ ಹಳೇ ಕಟ್ಟಡ ಸೇರಿದ. ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ನಲ್ಲಿ. ಹೊಳೆಯಲ್ಲಿ ಬಟ್ಟೆ ಒಗೆಯುವ ದೋಣಿಗಳ ಹಾಗೆ ಕಾಣುತ್ತಿತ್ತು ಅಂತ ಆ ಹೆಸರು. ಆಧುನಿಕ ಚಿತ್ರಕಲೆಯನ್ನೇ ತಿರುಗಿಸಿದ ಅವನ ‘ಅವಿನ್ಯೊನ್‌ನ ಯುವತಿಯರು’ ಚಿತ್ರ 1907ರಲ್ಲಿ ಆಗಿದ್ದು ಆ ಒಂದು ನಲ್ಲಿಯ ಕಟ್ಟಡದಲ್ಲಿ. 1970ರಲ್ಲಿ ಅದು ಸುಟ್ಟುಹೋಯಿತು. ಈಗಿರುವುದು ಆಮೇಲೆ ಕಟ್ಟಿದ್ದು.

ಆದರೆ ನನಗೆ ಮೊಂಮಾರ್ತ್ರದ ನಿಜವಾದ ಸ್ವಭಾವ ಕಾಣುವುದು ಕತ್ತೆಯ ಕಥೆಯಲ್ಲಿ. 1910ರಲ್ಲಿ ಲಾಪಿನ್ ಅಜಿಲ್ ಅನ್ನುವ ಹೋಟೆಲಿನ ತುಂಟರು ಅಲ್ಲಿನ ಕತ್ತೆಯ ಬಾಲಕ್ಕೆ ಬ್ರಷ್ ಕಟ್ಟಿ ಒಂದು ಚಿತ್ರ ಬಿಡಿಸಿದರು. ಬೊರೊನಾಲಿ ಅನ್ನುವ ಕಲಾವಿದನ ಹೆಸರು ಹುಟ್ಟಿಸಿ ಅದನ್ನು ಪ್ಯಾರಿಸ್‌ನ ದೊಡ್ಡ ಪ್ರದರ್ಶನದಲ್ಲಿ ತೂಗುಹಾಕಿಸಿದರು. ಕೇರಿಯ ಜನ ತಮ್ಮ ಕಲೆಯನ್ನೇ ಹೀಗೆ ಗೇಲಿ ಮಾಡಿಕೊಳ್ಳುತ್ತಿದ್ದರು. ಆ ಧೈರ್ಯ ಇವತ್ತು ಅಲ್ಲಿ ಕಾಣುವುದು ಕಡಿಮೆ. ಪ್ಲಾಸ್ ದ್ಯು ತೆರ್ತ್ರ ಅನ್ನುವ ಚೌಕದಲ್ಲಿ ಕೂತು ಪ್ರವಾಸಿಗಳ ಮುಖ ಬಿಡಿಸುವ ಚಿತ್ರಕಾರರು ನಗರಸಭೆಯ ಪರವಾನಗಿ ಇಟ್ಟುಕೊಂಡಿರಬೇಕು. ಗುಡ್ಡದಲ್ಲಿ ಒಂದು ಸಣ್ಣ ದ್ರಾಕ್ಷಿ ತೋಟವೂ ಇದೆ. ಹಳೇ ಕಾಲದ್ದು ಅಂತ ಕಾಣುತ್ತದೆ, ಆದರೆ ನೆಟ್ಟಿದ್ದು 1933ರಲ್ಲಿ. ಅಲ್ಲಿ ಕಟ್ಟಡ ಬರದಿರಲಿ ಅಂತ ಕೇರಿಯವರೇ ಹೂಡಿದ ಉಪಾಯ ಅದು. ಪ್ರತಿ ಅಕ್ಟೋಬರ್‌ನಲ್ಲಿ ಅದರ ಸುಗ್ಗಿಯನ್ನು ಹಬ್ಬ ಮಾಡುತ್ತಾರೆ.

ಹೋಗುವುದಾದರೆ ಬೆಳಿಗ್ಗೆ ಎಂಟರ ಒಳಗೆ ಹೋಗಿ. ಹನ್ನೊಂದರ ಮೇಲೆ ಸಾಕ್ರೆ ಕರ್ ಚರ್ಚಿನ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಆ ಬಿಳಿ ಚರ್ಚ್ ಬಗ್ಗೆ ಒಂದು ಮಾತು. ಮಳೆ ಬಂದಷ್ಟೂ ಅದರ ಕಲ್ಲು ಬೆಳ್ಳಗಾಗುತ್ತದೆ, ಕಲ್ಲಿನೊಳಗಿನ ಸುಣ್ಣದ ಅಂಶ ಹೊರಗೆ ಬರುವುದರಿಂದ. 1871ರಲ್ಲಿ ಪ್ಯಾರಿಸ್‌ನ ಬಡವರ ದಂಗೆ ಹೊತ್ತಿಕೊಂಡಿದ್ದು ಇದೇ ಗುಡ್ಡದ ಮೇಲಿನ ಫಿರಂಗಿಗಳ ಜಗಳದಿಂದ. ದಂಗೆಯನ್ನು ರಕ್ತದಲ್ಲಿ ಅದ್ದಿ ನಾಲ್ಕು ವರ್ಷಕ್ಕೆ, 1875ರಲ್ಲಿ, ಅಲ್ಲೇ ಈ ಚರ್ಚಿಗೆ ಅಡಿಗಲ್ಲು ಇಟ್ಟರು. ಎಲ್ಲರೂ ಸೆಲ್ಫಿ ತೆಗೆದುಕೊಳ್ಳುವ ಆ ಕಟ್ಟಡದ ಮೇಲೆ ಇವತ್ತಿಗೂ ಮುನಿಸಿಕೊಂಡಿರುವ ಪ್ಯಾರಿಸ್ಸಿಗರು ಇದ್ದಾರೆ.

ಗ್ರೆನಿಚ್ ವಿಲೇಜ್‌ನದು ಇದಕ್ಕಿಂತ ಚಿಕ್ಕ ಕಥೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪಕ್ಕೆ 1811ರಲ್ಲಿ ಚೌಕುಳಿ ನಕ್ಷೆ ಹಾಕಿದಾಗ ಈ ಹಳ್ಳಿ ಆಗಲೇ ಅಲ್ಲಿತ್ತು. ಅದರ ಸೊಟ್ಟ ಬೀದಿಗಳು ಹಾಗೇ ಉಳಿದುಕೊಂಡವು. ಉಳಿದ ಕಡೆ ನಂಬರು ಹಿಡಿದು ಕಣ್ಣು ಮುಚ್ಚಿ ನಡೆಯಬಹುದು. ಇಲ್ಲಿ ಪಶ್ಚಿಮ 4ನೇ ಬೀದಿ ಹೋಗಿ ಪಶ್ಚಿಮ 12ನೇ ಬೀದಿಗೆ ಅಡ್ಡ ಬರುತ್ತದೆ! ದಾರಿ ತಪ್ಪುವುದೇ ಈ ಕೇರಿಯ ಸುಖ. ಬೆಡ್‌ಫರ್ಡ್ ಬೀದಿಯಲ್ಲಿ ಬರೀ 9.5 ಅಡಿ ಅಗಲದ ಮನೆಯೊಂದಿದೆ, ಕವಿ ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇ ಅದರಲ್ಲಿ ಇದ್ದವರು.

ಮೊಂಮಾರ್ತ್ರದಲ್ಲಿ ಹಳೆಯದು ಚಿತ್ರಗಳ ನೆನಪು. ವಿಲೇಜ್‌ನಲ್ಲಿ ಅದು ಜಗಳಗಳ ನೆನಪು. ವಾಷಿಂಗ್ಟನ್ ಚೌಕದ ಪಾರ್ಕಿನೊಳಗೆ ದೊಡ್ಡ ರಸ್ತೆ ತೂರಿಸಲು ನಗರದ ಬಲಿಷ್ಠ ಅಧಿಕಾರಿ ರಾಬರ್ಟ್ ಮೋಸೆಸ್ ಹೊರಟಾಗ, ಅಕ್ಕಪಕ್ಕದ ತಾಯಂದಿರು ನಿಂತು ತಡೆದರು. ಜೇನ್ ಜೇಕಬ್ಸ್ ಅವರಲ್ಲಿ ಒಬ್ಬರು. 1958ರಲ್ಲಿ ಪಾರ್ಕು ಕಾರುಗಳಿಗೆ ಮುಚ್ಚಿತು. 1961ರ ಏಪ್ರಿಲ್‌ನಲ್ಲಿ ಅದೇ ಪಾರ್ಕಿನಲ್ಲಿ ಹಾಡುವುದಕ್ಕೇ ತಡೆ ಬಂದಾಗ ಗಿಟಾರ್ ಹಿಡಿದವರು ಪೊಲೀಸರ ಜೊತೆ ಕೈಕೈ ಮಿಲಾಯಿಸಿದರು. 1969ರ ಜೂನ್ 28ರ ನಸುಕಿನಲ್ಲಿ ಸ್ಟೋನ್‌ವಾಲ್ ಬಾರಿನ ಮೇಲೆ ಪೊಲೀಸರು ನುಗ್ಗಿದಾಗ ಒಳಗಿದ್ದ ಸಲಿಂಗಿಗಳೂ ಟ್ರಾನ್ಸ್‌ಜೆಂಡರ್ ಜನರೂ ತಿರುಗಿ ನಿಂತರು. ಜಗತ್ತಿನ ಪ್ರೈಡ್ ಮೆರವಣಿಗೆಗಳು ಆ ರಾತ್ರಿಯ ಮಕ್ಕಳು. ಆ ಜಾಗ 2016ರಿಂದ ರಾಷ್ಟ್ರೀಯ ಸ್ಮಾರಕ.

ಸ್ಮಾರಕ ಆಯಿತು ಅನ್ನುವುದೇ ಉತ್ತರ. ಕಡಿಮೆ ಬಾಡಿಗೆಯ ಕಾಲ ಎರಡೂ ಕಡೆ ಮುಗಿದುಹೋಗಿದೆ. ಇವತ್ತು ಇಲ್ಲಿ ಕೋಣೆ ಹಿಡಿಯುವ ಹೊಸ ಚಿತ್ರಕಾರ ಅಪ್ಪನ ದುಡ್ಡಿರುವವನೇ ಇರಬೇಕು. ಆದರೂ ಇವೆರಡರಲ್ಲಿ ಒಂದು ಆರಿಸಿ ಅಂದರೆ ಸಂಜೆಗೆ ವಿಲೇಜ್, ಬೆಳಿಗ್ಗೆಗೆ ಮೊಂಮಾರ್ತ್ರ. ವಿಲೇಜ್‌ನ ಪಾರ್ಕಿನಲ್ಲಿ ಚೆಸ್ ಆಡುವವರು, ಹಾಡುವವರು, ಸುಮ್ನೆ ಕೂತವರು ಇನ್ನೂ ಊರಿನವರೇ. 1935ರಲ್ಲಿ ಶುರುವಾದ ವಿಲೇಜ್ ವ್ಯಾನ್‌ಗಾರ್ಡ್‌ನ ನೆಲಮಾಳಿಗೆಯಲ್ಲಿ ಜಾಝ್ ಈಗಲೂ ನಡೆಯುತ್ತದೆ. ಮೊಂಮಾರ್ತ್ರದಲ್ಲಿ ಹೊತ್ತು ಏರಿದ ಮೇಲೆ ಊರಿನವರನ್ನು ಹುಡುಕಬೇಕಾದರೆ ಗುಡ್ಡದ ಹಿಂಬದಿಗೆ, ಉತ್ತರದ ಇಳಿಜಾರಿಗೆ ಇಳಿಯಬೇಕು.

ಜಗಳ ಇನ್ನೂ ಮುಗಿಯದ ಕಡೆ: ಕ್ರಾಯ್ಟ್ಸ್‌ಬರ್ಗ್

ಬರ್ಲಿನ್ ಗೋಡೆ 1961ರ ಆಗಸ್ಟ್‌ನಲ್ಲಿ ಎದ್ದಾಗ, ಪಶ್ಚಿಮ ಬರ್ಲಿನ್‌ಗೆ ಸೇರಿದ್ದ ಕ್ರಾಯ್ಟ್ಸ್‌ಬರ್ಗ್‌ನ ಪೂರ್ವ ಭಾಗಕ್ಕೆ ಮೂರು ಕಡೆಯಿಂದ ಗೋಡೆ ಬಂತು. ನಿನ್ನೆಯವರೆಗೆ ಊರಿನ ನಡುವೆ ಇದ್ದ ಕೇರಿ ಬೆಳಗಾಗುವುದರೊಳಗೆ ಊರಿನ ಕೊನೆಯಾಯಿತು. ಎಲ್ಲಿಗೂ ಹೋಗದ ಬೀದಿಯಲ್ಲಿ ಯಾರು ಮನೆ ಮಾಡುತ್ತಾರೆ? ಅನುಕೂಲ ಇದ್ದವರು ಬಿಟ್ಟರು. ಮನೆ ಮಾಲೀಕರು ರಿಪೇರಿ ನಿಲ್ಲಿಸಿದರು. ಎಷ್ಟೋ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುವ, ಹೆದ್ದಾರಿ ಹಾಯಿಸುವ ಯೋಜನೆಗಳಿದ್ದವು. ಕೆಡವುವ ಮನೆಗೆ ಖರ್ಚು ಯಾಕೆ ಅಂತ ಅವು ಹಾಗೇ ಬಿದ್ದಿದ್ದವು.

ಆ ಖಾಲಿಗೆ ಮೂರು ಥರದ ಜನ ಬಂದರು. ಮೊದಲು ಟರ್ಕಿಯ ಕೆಲಸಗಾರರು. ಜರ್ಮನಿ 1961ರಲ್ಲಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಅವರನ್ನು ಕರೆಸಿತ್ತು, ಬೇರೆ ಕಡೆ ಅವರಿಗೆ ಮನೆ ಸಿಗುತ್ತಿರಲಿಲ್ಲ. ಎರಡನೆಯವರು ಸೇನೆಗೆ ಹೋಗಲು ಇಷ್ಟವಿಲ್ಲದ ಪಶ್ಚಿಮ ಜರ್ಮನಿಯ ಹುಡುಗರು. ಪಶ್ಚಿಮ ಬರ್ಲಿನ್‌ನಲ್ಲಿ ಇದ್ದವರಿಗೆ ಕಡ್ಡಾಯ ಸೈನಿಕ ಸೇವೆ ಇರಲಿಲ್ಲ. ಮೂರನೆಯವರು ಖಾಲಿ ಮನೆಗಳ ಬೀಗ ಒಡೆದು ಒಳಗೆ ಸೇರಿದವರು. ಒಳಗೆ ಸೇರಿ ಸುಮ್ನೆ ಕೂರಲಿಲ್ಲ. ಮಾಡು ಹೊದಿಸಿದರು, ಕೊಳಾಯಿ ಹಾಕಿದರು, ಗೋಡೆಗೆ ಗಾರೆ ಬಳಿದರು. ರಿಪೇರಿ, ಆಕ್ರಮಣ ಎರಡನ್ನೂ ಸೇರಿಸಿ ಜರ್ಮನ್ನರು ಇದಕ್ಕೊಂದು ಪದವನ್ನೇ ಕಟ್ಟಿದರು. 1980, 81ರಲ್ಲಿ ಇದು ಜೋರಾಗಿತ್ತು. ಕೊನೆಗೆ ನಗರವೇ ಸೋತು, ಕೆಡವುವುದು ಬಿಟ್ಟು ಇದ್ದ ಮನೆಗಳನ್ನೇ ಸರಿಮಾಡುವ ದಾರಿ ಹಿಡಿಯಿತು. ಇವತ್ತು ನೀವು ಮೆಚ್ಚುವ ಆ ಎತ್ತರದ ಹಳೇ ಮನೆಗಳು, ಒಂದರ ಹಿಂದೆ ಒಂದು ಅಂಗಳ, ಎಲ್ಲ ಉಳಿದದ್ದು ಹಾಗೆ.

ಇಲ್ಲಿನ ಸ್ವಭಾವಕ್ಕೆ ನನ್ನ ಮೆಚ್ಚಿನ ಸಾಕ್ಷಿ ಒಂದು ಈರುಳ್ಳಿ ಮಡಿ. ಗೋಡೆ ಕಟ್ಟುವವರು ತಿರುವಿನಲ್ಲಿ ನೇರ ಹೋದದ್ದರಿಂದ ಪೂರ್ವಕ್ಕೆ ಸೇರಿದ ಒಂದು ಚೂರು ನೆಲ ಪಶ್ಚಿಮದ ಕಡೆ ಉಳಿದುಬಿಟ್ಟಿತ್ತು. ಪಶ್ಚಿಮದವರು ಅದನ್ನು ಮುಟ್ಟುವಂತಿಲ್ಲ, ಪೂರ್ವದವರು ಗೋಡೆ ದಾಟಿ ಬರುವಂತಿಲ್ಲ. ಟರ್ಕಿಯಿಂದ ಬಂದ ಯಜಮಾನರೊಬ್ಬರು ಅಲ್ಲಿನ ಕಸ ತೆಗೆದು ಈರುಳ್ಳಿ, ಬೆಳ್ಳುಳ್ಳಿ ಹಾಕಿದರು. ಸಿಕ್ಕಿದ ಹಲಗೆ, ತಗಡು ಸೇರಿಸಿ ಅಲ್ಲೇ ಒಂದು ಗುಡಿಸಲನ್ನೂ ಎಬ್ಬಿಸಿದರು. ಪೂರ್ವದ ಕಾವಲುಗಾರರು ಬಂದು ನೋಡಿ ಸುಮ್ಮನಾದರು. ಎರಡು ದೊಡ್ಡ ಬಣಗಳು ಕತ್ತಿ ಮಸೆಯುತ್ತಿದ್ದ ಕಾಲದಲ್ಲಿ, ನಡುವೆ ಬೆಳ್ಳುಳ್ಳಿ! ಗೋಡೆ ಹೋಗಿದೆ, ಗುಡಿಸಲು ಇನ್ನೂ ಇದೆ.

ಗೋಡೆ ಹೋದ ಮೇಲೆ ಕ್ರಾಯ್ಟ್ಸ್‌ಬರ್ಗ್ ಮತ್ತೆ ಊರಿನ ನಡುವಿಗೆ ಬಂತು. ಅಂದರೆ ಕಡಿಮೆ ಬಾಡಿಗೆಯ ಕಾರಣ ಹೋಯಿತು. ಮೊಂಮಾರ್ತ್ರದಲ್ಲಿ ಜನ ಅದಕ್ಕೆ ತಲೆಬಾಗಿದರು. ಇಲ್ಲಿ ಇನ್ನೂ ಕಾದಾಡುತ್ತಿದ್ದಾರೆ. ಗೂಗಲ್ ಕಂಪನಿ ಇಲ್ಲಿನ ಹಳೇ ವಿದ್ಯುತ್ ಕೇಂದ್ರವೊಂದರಲ್ಲಿ ಹೊಸ ಕಂಪನಿಗಳಿಗೆ ನೆಲೆ ಮಾಡಲು ಹೊರಟಾಗ ಕೇರಿಯವರು ಬೀದಿಗಿಳಿದರು. 2018ರಲ್ಲಿ ಕಂಪನಿ ಆ ಆಸೆ ಬಿಟ್ಟಿತು. ಅದಕ್ಕೂ ಮೊದಲು, 2014ರ ಡಿಸೆಂಬರ್‌ನಲ್ಲಿ, ಇನ್ನೂ ವಿಚಿತ್ರ ಸಂಗತಿ ನಡೆಯಿತು. ಇಟಲಿಯ ಕಲಾವಿದ ಬ್ಲು ಬಿಡಿಸಿದ ಎರಡು ದೈತ್ಯ ಗೋಡೆಚಿತ್ರಗಳು ಕುವ್ರಿ ಬೀದಿಯ ಖಾಲಿ ಜಾಗಕ್ಕೆ ಮುಖ ಮಾಡಿದ್ದವು. ಬರ್ಲಿನ್‌ಗೆ ಬಂದವರೆಲ್ಲ ಅದರ ಫೋಟೊ ತೆಗೆಯುತ್ತಿದ್ದರು. ಆ ಜಾಗದಲ್ಲಿ ಹೊಸ ಕಟ್ಟಡ ಬರುವುದು ಗೊತ್ತಾದಾಗ, ಕಲಾವಿದನ ಒಪ್ಪಿಗೆಯಿಂದಲೇ ಚಿತ್ರಗಳಿಗೆ ಕಪ್ಪು ಬಳಿದರು. ನಮ್ಮ ಚಿತ್ರ ತೋರಿಸಿ ನಿಮ್ಮ ಫ್ಲ್ಯಾಟು ಮಾರುವುದು ಬೇಡ ಅಂತ. ನನಗೆ ಮೊದಲು ಇದು ಹುಚ್ಚು ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಹೋಗುವವರಿಗೆ: ಕೊಟ್‌ಬುಸರ್ ಟೋರ್ ನಿಲ್ದಾಣದಲ್ಲಿ ಇಳಿದರೆ ಮೊದಲ ಐದು ನಿಮಿಷ ಬೇಸರ ಆಗಬಹುದು. ಗಲೀಜು, ಗದ್ದಲ, ಅಮಲಿನಲ್ಲಿ ತೂರಾಡುವವರು. ಅಲ್ಲೇ ನಿಲ್ಲಬೇಡಿ. ಒರಾನಿಯನ್ ಬೀದಿ ಹಿಡಿದು ನಡೆಯಿರಿ, ಆಮೇಲೆ ಕಾಲುವೆ ಕಡೆ ತಿರುಗಿ. ಬೇಸಿಗೆಯ ಸಂಜೆ ಅಡ್ಮಿರಾಲ್ ಸೇತುವೆಯ ಮೇಲೆ ಜನ ನೆಲದಲ್ಲೇ ಕೂತಿರುತ್ತಾರೆ. ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ, ಅಕ್ಕಪಕ್ಕದವರು ಮಲಗಬೇಕಲ್ಲ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಅದು ಇಡೀ ಜರ್ಮನಿಯ ಕಾನೂನು. ಮೇ 1ರಂದು ಹೋಗುವುದಾದರೆ ತಿಳಿದು ಹೋಗಿ. 1987ರಲ್ಲಿ ಆ ದಿನ ಇಲ್ಲಿ ದೊಡ್ಡ ಗಲಭೆ ಆಗಿತ್ತು, ಆಮೇಲೆ ಅದೇ ಒಂದು ರೂಢಿಯಾಯಿತು.

ಬೇಲಿ ಒಳಗಿನ ಊರು: ಕ್ರಿಸ್ಟಿಯಾನಿಯಾ

ಕ್ರಾಯ್ಟ್ಸ್‌ಬರ್ಗ್ ಇಷ್ಟ ಆದವರು ಕೋಪನ್‌ಹೇಗನ್‌ನ ಕ್ರಿಸ್ಟಿಯಾನಿಯಾ ಕೂಡ ಅಂಥದ್ದೇ ಅಂದುಕೊಳ್ಳುತ್ತಾರೆ. ಅಲ್ಲ. ಕ್ರಾಯ್ಟ್ಸ್‌ಬರ್ಗ್ ಬೀದಿಗಳ ಜಾಗ, ಇದು ಅಂಗಳಗಳ ಜಾಗ. ಸೇನೆ ಬಿಟ್ಟುಹೋದ ಬ್ಯಾರಕ್ಕುಗಳು ಖಾಲಿ ಬಿದ್ದಿದ್ದವು. ಊರಲ್ಲಿ ಮನೆಗಳಿಗೆ ಬರ. ಮಕ್ಕಳಿಗೆ ಆಡಲು ಜಾಗ ಬೇಕು ಅಂತ ಅಕ್ಕಪಕ್ಕದವರು ಬೇಲಿ ಕಿತ್ತರು, ಹಿಂದೆಯೇ ನೂರಾರು ಜನ ನುಗ್ಗಿದರು. 1971ರ ಸೆಪ್ಟೆಂಬರ್ 26ರಂದು ಇದು ಸ್ವತಂತ್ರ ಊರು ಅಂತ ಸಾರಿಬಿಟ್ಟರು. ಸುಮಾರು 34 ಹೆಕ್ಟೇರ್. ಕೆರೆ, ಹಳೇ ಕೋಟೆಯ ದಿಬ್ಬ, ಮರಗಳು. ಇರುವವರು ಸಾವಿರದ ಆಸುಪಾಸು. ಕಾರು ಒಳಗೆ ಬರುವಂತಿಲ್ಲ. ಮುಂದೆ ದೊಡ್ಡ ಪೆಟ್ಟಿಗೆ ಇರುವ ಮೂರು ಚಕ್ರದ ಸೈಕಲ್ ಇಲ್ಲಿ ಹುಟ್ಟಿ ಊರೆಲ್ಲ ಹಬ್ಬಿತು. ಈಗ ಕೋಪನ್‌ಹೇಗನ್‌ನ ಅಪ್ಪ ಅಮ್ಮಂದಿರು ಮಕ್ಕಳನ್ನು ಶಾಲೆಗೆ ಬಿಡುವುದು ಅದರಲ್ಲೇ.

ಬಾಡಿಗೆಯ ಪ್ರಶ್ನೆಗೆ ಉಳಿದ ಐದೂ ಕೇರಿಗಳಿಗಿಂತ ಗಟ್ಟಿ ಉತ್ತರ ಇವರದು. ಮನೆ ಯಾರದ್ದೂ ಅಲ್ಲ. ನೀವೇ ಕಟ್ಟಿದರೂ ಮಾರುವಂತಿಲ್ಲ. ಒಂದು ಮನೆ ಖಾಲಿಯಾದರೆ ಆ ಓಣಿಯವರು ಸಭೆ ಸೇರಿ ಯಾರು ಬರಬೇಕು ಅಂತ ತೀರ್ಮಾನಿಸುತ್ತಾರೆ. ಮತ ಹಾಕುವುದಿಲ್ಲ, ಎಲ್ಲರೂ ಒಪ್ಪುವವರೆಗೆ ಮಾತಾಡುತ್ತಾರೆ. ಕೇಳಲು ಚಂದ, ಆದರೆ ಒಂದು ಚರಂಡಿ ಬಗ್ಗೆ ಎಷ್ಟು ಸಭೆ ಬೇಕಾಗುತ್ತದೋ ಯೋಚಿಸಿ! 2011ರಲ್ಲಿ ಸರ್ಕಾರದ ಜೊತೆ ಒಪ್ಪಂದವಾಗಿ, 2012ರಲ್ಲಿ ಒಂದು ಪ್ರತಿಷ್ಠಾನದ ಹೆಸರಲ್ಲಿ ಜಾಗವನ್ನು ಕೊಂಡುಕೊಂಡರು.

ಇನ್ನೊಂದು ಮುಖವನ್ನೂ ಹೇಳಬೇಕು. ಪುಷರ್ ಬೀದಿಯಲ್ಲಿ ದಶಕಗಳ ಕಾಲ ಗಾಂಜಾ ಬಹಿರಂಗವಾಗಿ ಮಾರಾಟವಾಯಿತು. ಡೆನ್ಮಾರ್ಕಿನಲ್ಲಿ ಅದು ಕಾನೂನಿಗೆ ವಿರುದ್ಧ. ವ್ಯಾಪಾರ ನಿಧಾನವಾಗಿ ಹೊರಗಿನ ರೌಡಿ ಗುಂಪುಗಳ ಕೈಗೆ ಹೋಯಿತು. 2023ರಲ್ಲಿ ಅಲ್ಲಿ ಗುಂಡು ಹಾರಿ ಒಬ್ಬರು ಸತ್ತರು. ಬೇಸತ್ತ ನಿವಾಸಿಗಳು 2024ರ ಏಪ್ರಿಲ್‌ನಲ್ಲಿ ಆ ಬೀದಿಯ ಹಾಸುಗಲ್ಲುಗಳನ್ನು ತಾವೇ ಕೈಯಾರೆ ಕಿತ್ತರು. ವಯಸ್ಸಾದವರು, ಮಕ್ಕಳು, ಎಲ್ಲರೂ ಸೇರಿ. ನಿಯಮವಿಲ್ಲದ ಊರು ಅಂತ ಹೆಸರು ಮಾಡಿದ ಜಾಗದಲ್ಲಿ ನಿಯಮ ಇಲ್ಲದೆ ಬದುಕಲು ಆಗದು ಅಂತ ಜನರೇ ಬೀದಿ ಅಗೆದ ದಿನ ಅದು.

ಇಲ್ಲಿಗೆ ಅರ್ಧ ದಿನ ಸಾಕು. ಫೋಟೊ ಬೇಡ ಅನ್ನುವ ಫಲಕ ಕಂಡ ಕಡೆ ಮೊಬೈಲ್ ಜೇಬಿಗೆ ಹಾಕಿ. ಯಾರ ಮನೆ ಕಿಟಕಿಗೂ ಇಣುಕಬೇಡಿ. ಅಲ್ಲಿನವರೇ ಕರೆದುಕೊಂಡು ಹೋಗಿ ತೋರಿಸುವ ಸುತ್ತು ಸಿಕ್ಕಿದರೆ ಬಿಡಬೇಡಿ. ಹೆಚ್ಚಿನವರು ಆ ಒಂದು ಕುಖ್ಯಾತ ಬೀದಿ ನೋಡಿ ವಾಪಸ್ ಬರುತ್ತಾರೆ. ನೀವು ಕೆರೆಯ ಆಚೆ ದಂಡೆಗೆ ನಡೆಯಿರಿ. ಹಳೇ ಕಿಟಕಿಗಳನ್ನೇ ಜೋಡಿಸಿ ಕಟ್ಟಿದ ಮನೆ ನೋಡಲು ಸಿಗುವುದು ಆ ಕಡೆ.

ನಗುವ ಕೇರಿ: ಉಝುಪಿಸ್

ಈ ಕೇರಿಗಳಿಗೆಲ್ಲ ಗಣರಾಜ್ಯ ಸಾರುವ ಒಂದು ಚಟ ಇದೆ. ಕಲಾವಿದ ಮಾರ್ಸೆಲ್ ದುಶಾಂಪ್ ಮತ್ತು ಗೆಳೆಯರು 1917ರ ಜನವರಿಯ ಒಂದು ರಾತ್ರಿ ವಾಷಿಂಗ್ಟನ್ ಚೌಕದ ಕಮಾನಿನ ಮೇಲೆ ಹತ್ತಿ, ಬಲೂನು ಕಟ್ಟಿ, ಆಟಿಕೆ ಪಿಸ್ತೂಲು ಹಾರಿಸಿ ಸ್ವಾತಂತ್ರ್ಯ ಘೋಷಿಸಿದರು. ಮೊಂಮಾರ್ತ್ರಕ್ಕೂ 1921ರಿಂದ ಒಂದು ಗಣರಾಜ್ಯ ಇದೆ. ಆದರೆ ಈ ತಮಾಷೆಯನ್ನು ಗಂಭೀರವಾಗಿ ತೆಗೆದುಕೊಂಡವರು ಲಿಥುವೇನಿಯಾದ ವಿಲ್ನಿಯಸ್ ಊರಿನ ಉಝುಪಿಸ್‌ನವರು. ಹೆಸರಿನ ಅರ್ಥ ಹೊಳೆಯಾಚೆ. ಸಣ್ಣ ಸೇತುವೆ ದಾಟಿದರೆ ಬಂತು. 1997ರ ಏಪ್ರಿಲ್ 1ರಂದು, ಹೌದು, ಮೂರ್ಖರ ದಿನವೇ, ಅವರು ಗಣರಾಜ್ಯವಾದರು. ಅಧ್ಯಕ್ಷರು ಇದ್ದಾರೆ, ಬಾವುಟ ಇದೆ, ಸಂವಿಧಾನವೂ ಇದೆ. ಪೌಪಿಯೊ ಬೀದಿಯ ಗೋಡೆಯ ಮೇಲೆ ಹಲವು ಭಾಷೆಗಳ ಫಲಕಗಳಲ್ಲಿ ಅದನ್ನು ಓದಬಹುದು. ನಾಯಿಗೆ ನಾಯಿಯಾಗಿರುವ ಹಕ್ಕಿದೆ. ಬೆಕ್ಕು ಯಜಮಾನನನ್ನು ಪ್ರೀತಿಸಲೇಬೇಕು ಅಂತಿಲ್ಲ, ಕಷ್ಟಕಾಲಕ್ಕೆ ಮಾತ್ರ ಆಗಬೇಕು. ಎಲ್ಲರಿಗೂ ಸುಖವಾಗಿರುವ ಹಕ್ಕಿದೆ, ದುಃಖವಾಗಿರುವ ಹಕ್ಕೂ ಇದೆ.

ಓದಿ ನಗುತ್ತೇವೆ. ಆದರೆ ಎರಡನೇ ಕಲಮು ನೋಡಿ: ಪ್ರತಿಯೊಬ್ಬರಿಗೂ ಬಿಸಿನೀರು, ಚಳಿಗಾಲದಲ್ಲಿ ಮನೆ ಬೆಚ್ಚಗಿರುವುದು, ಹೆಂಚಿನ ಮಾಡು ಸಿಗುವ ಹಕ್ಕಿದೆ. ಅದು ತಮಾಷೆಯಲ್ಲ. ಆಗ ಅಲ್ಲಿನ ಎಷ್ಟೋ ಮನೆಗಳು ಪಾಳು ಬಿದ್ದಿದ್ದವು. ಯಾಕೆ ಪಾಳು? ಎರಡನೇ ಮಹಾಯುದ್ಧಕ್ಕೆ ಮೊದಲು ಇಲ್ಲಿ ಯಹೂದಿಗಳು ಬಹಳ ಇದ್ದರು. ನಾಜಿಗಳ ಕಾಲದಲ್ಲಿ ಅವರನ್ನು ಕೊಂದರು. ಮನೆಗಳು ಖಾಲಿಯಾದವು. ಸೋವಿಯತ್ ಕಾಲದಲ್ಲಿ ಅಲ್ಲಿನ ಯಹೂದಿ ಸ್ಮಶಾನದ ಸಮಾಧಿಕಲ್ಲುಗಳನ್ನೂ ಕಿತ್ತು ಕಟ್ಟಡದ ಕೆಲಸಕ್ಕೆ ಬಳಸಿದರು. ಕಡಿಮೆ ಬಾಡಿಗೆಯ ಹಿಂದೆ ಇಂಥದ್ದೂ ಇರುತ್ತದೆ. ಉಝುಪಿಸ್‌ನ ನಗು ಹಗುರ ಅನ್ನಿಸಿದರೆ ಇದನ್ನು ನೆನಪಿಡಿ.

ಇವತ್ತು ಅದು ವಿಲ್ನಿಯಸ್‌ನ ದುಬಾರಿ ಕೇರಿಗಳಲ್ಲಿ ಒಂದು. ತುತ್ತೂರಿ ಊದುವ ದೇವದೂತನ ಕಂಬ 2002ರಲ್ಲಿ ಎದ್ದಿತು, ಈಗ ಅದರ ಸುತ್ತ ಚಂದದ ಹೋಟೆಲುಗಳು. ನಡೆದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಒಂದು ಪೂರ್ತಿ ಪ್ರವಾಸಕ್ಕೆ ಇದೊಂದೇ ಸಾಲದು, ವಿಲ್ನಿಯಸ್‌ಗೆ ಅಂತ ಹೋದಾಗ ಸೇರಿಸಿಕೊಳ್ಳಿ. ಏಪ್ರಿಲ್ 1ಕ್ಕೆ ಹೋದರೆ ಸೇತುವೆಯ ಮೇಲೆ ಪಾಸ್‌ಪೋರ್ಟಿಗೆ ಮುದ್ರೆ ಒತ್ತುತ್ತಾರೆ. ನಿಜವಾದ ಪಾಸ್‌ಪೋರ್ಟ್ ಕೊಡುವ ಬದಲು ಒಂದು ಕಾಗದಕ್ಕೆ ಒತ್ತಿಸಿಕೊಳ್ಳುವುದು ಜಾಣತನ.

ಚಿಕ್ಕದರ ಗೆಲುವು: ಶಿಮೊಕಿಟಜಾವಾ

ಟೋಕಿಯೊದ ಶಿಮೊಕಿಟಜಾವಾಕ್ಕೆ ನನ್ನ ಬಾಡಿಗೆ ಲೆಕ್ಕ ಸರಿಯಾಗಿ ಹೊಂದುವುದಿಲ್ಲ. ಇಲ್ಲಿ ಮುಖ್ಯವಾದದ್ದು ಅಳತೆ. ಯುದ್ಧದ ಬಾಂಬುಗಳಿಂದ ಹೆಚ್ಚು ಪೆಟ್ಟು ತಿನ್ನದ ಕೇರಿ, ಹಾಗಾಗಿ ಓಣಿಗಳು ಹಳೇ ಅಳತೆಯಲ್ಲೇ ಉಳಿದವು. ಕಾರು ಬಂದರೂ ಪರದಾಡಬೇಕು. ಅಂಗಡಿಗಳು ಒಂದೊಂದು ಕೋಣೆಯಷ್ಟು. ಇಷ್ಟು ಚಿಕ್ಕ ಜಾಗದಲ್ಲಿ ದೊಡ್ಡ ಕಂಪನಿಗೆ ಕೆಲಸವಿಲ್ಲ. ಹಳೇ ಬಟ್ಟೆ, ಹಳೇ ರೆಕಾರ್ಡು ಮಾರುವವರಿಗೆ, ಎಂಟು ಕುರ್ಚಿಯ ಬಾರು ಇಡುವವರಿಗೆ ಇದೇ ಸಾಕು. ನಟನಾಗಿದ್ದ ಹೊಂಡಾ ಎಂಬವರು 1982ರಲ್ಲಿ ಇಲ್ಲೊಂದು ನಾಟಕಮಂದಿರ ಕಟ್ಟಿದರು. ಅದರ ಸುತ್ತ ಇನ್ನಷ್ಟು ಸಣ್ಣ ರಂಗಮಂದಿರಗಳು ಹುಟ್ಟಿ, ಇದು ನಾಟಕದವರ ಕೇರಿಯೂ ಆಯಿತು.

ಇಲ್ಲಿಯೂ ಒಂದು ರಸ್ತೆಯ ಜಗಳ ಇದೆ. 1946ರ ನಕ್ಷೆಯಲ್ಲಿದ್ದ ಅಗಲ ರಸ್ತೆಯೊಂದನ್ನು ಅರ್ಧ ಶತಮಾನದ ಮೇಲೆ ಕೇರಿಯ ನಡುವೆ ಹಾಯಿಸಲು ಹೊರಟಾಗ ಅಂಗಡಿಯವರು, ಸಂಗೀತಗಾರರು ಸೇರಿ ವಿರೋಧಿಸಿದರು. 2013ರಲ್ಲಿ ಒಡಾಕ್ಯು ರೈಲು ಹಳಿ ನೆಲದಡಿಗೆ ಹೋಯಿತು. ಮೇಲೆ ಸುಮಾರು 1.7 ಕಿಲೋಮೀಟರ್ ಉದ್ದದ ಪಟ್ಟಿ ಖಾಲಿ ಉಳಿಯಿತು. ಅಲ್ಲಿ ಗಗನಚುಂಬಿ ಬರಲಿಲ್ಲ. 2020ರಲ್ಲಿ ತೆರೆದ ಬೋನಸ್ ಟ್ರ್ಯಾಕ್‌ನಲ್ಲಿ ಕೆಳಗೆ ಸಣ್ಣ ಅಂಗಡಿ, ಮೇಲೆ ಮನೆ. ಕೇರಿಯ ಅಳತೆ ನೋಡಿ ಬೇಕಂತಲೇ ಚಿಕ್ಕದಾಗಿ ಕಟ್ಟಿದ್ದು. ಹೊಸದಾಗಿದ್ದೂ ಸುಳ್ಳು ಅನ್ನಿಸದ ಜಾಗ ಈ ಆರರಲ್ಲಿ ಇದೊಂದೇ ಅಂತ ನನಗೆ ಅನ್ನಿಸುತ್ತದೆ.

ಬೆಳಿಗ್ಗೆ ಬೇಗ ಹೋದರೆ ಬರೀ ಶಟರ್ ನೋಡಿ ಬರಬೇಕಾಗುತ್ತದೆ. ಮಧ್ಯಾಹ್ನದ ಮೇಲೆ ಹೋಗಿ, ರಾತ್ರಿ ಕೊನೆಯ ರೈಲಿನವರೆಗೆ ಇರಿ. ಷಿಬುಯಾದಿಂದ ರೈಲಿನಲ್ಲಿ ಹತ್ತು ನಿಮಿಷವೂ ಆಗುವುದಿಲ್ಲ. ನೆಲಮಾಳಿಗೆಯ ಸಂಗೀತ ಕೋಣೆಗಳಲ್ಲಿ ಟಿಕೆಟ್ ಅಲ್ಲದೆ ಒಂದು ಪಾನೀಯದ ದುಡ್ಡನ್ನೂ ಬಾಗಿಲಲ್ಲೇ ಕೊಡಬೇಕು. ಎಷ್ಟೋ ಕಡೆ ವೇದಿಕೆ ಮೇಲಿನ ಹುಡುಗರೇ ಇಷ್ಟು ಟಿಕೆಟ್ ಮಾರಿಕೊಡಬೇಕು, ಮಾರದಿದ್ದರೆ ಕೈಯಿಂದ ತುಂಬಬೇಕು. ಹಾಗಾಗಿ ಹತ್ತು ಜನರ ಎದುರು ಪ್ರಾಣ ಬಿಟ್ಟು ಹಾಡುವ ತಂಡ ಕಂಡರೆ ಚಪ್ಪಾಳೆ ಜೋರಾಗಿ ತಟ್ಟಿ.

ಹಾಗಾದರೆ ಯಾವುದು?

ಜೊತೆಗೆ ಮಂಡಿನೋವಿನ ಹಿರಿಯರಿದ್ದರೆ ಮೊಂಮಾರ್ತ್ರ ಯೋಚಿಸಿ ಆರಿಸಿ. ಚರ್ಚಿನ ಪಕ್ಕದ ಒಂದು ಬೀದಿಗೇ 222 ಮೆಟ್ಟಿಲು. ಹಗ್ಗದ ರೈಲು ಇದೆ, ಆದರೆ ಮೇಲೆ ಹೋದ ಮೇಲೂ ಏರಿಳಿತ ತಪ್ಪುವುದಿಲ್ಲ. ಅವರಿಗೆ ವಿಲೇಜ್ ಅಥವಾ ಉಝುಪಿಸ್ ವಾಸಿ. ಸಣ್ಣ ಮಕ್ಕಳಿಗೆ ಕ್ರಿಸ್ಟಿಯಾನಿಯಾದ ಕೆರೆ ಬದಿ ಹಿಡಿಸುತ್ತದೆ, ಕಾರಿನ ಭಯ ಇಲ್ಲ. ಒಬ್ಬರೇ ಹೋಗುವವರಿಗೆ, ಮಾತು ಬೇಡ ಅನ್ನುವವರಿಗೆ ಶಿಮೊಕಿಟಜಾವಾದಷ್ಟು ಹಿತವಾದ ಜಾಗ ಇಲ್ಲ. ಮಾತು ಬೇಕು, ವಾದ ಬೇಕು ಅನ್ನುವವರಿಗೆ ಕ್ರಾಯ್ಟ್ಸ್‌ಬರ್ಗ್. ಪ್ಯಾರಿಸ್, ಬರ್ಲಿನ್, ಕೋಪನ್‌ಹೇಗನ್, ವಿಲ್ನಿಯಸ್ ನಾಲ್ಕೂ ಶೆಂಗೆನ್ ವಲಯದಲ್ಲಿವೆ, ಒಂದೇ ವೀಸಾದಲ್ಲಿ ಮುಗಿಸಬಹುದು. ಡೆನ್ಮಾರ್ಕಿನಲ್ಲಿ ಮಾತ್ರ ಕ್ರೋನ್, ಉಳಿದ ಮೂರು ಕಡೆ ಯೂರೋ.

ಫೋಟೊಗಾಗಿ ಹೋಗುವವರೂ ಇರುತ್ತಾರೆ, ತಪ್ಪೇನಿಲ್ಲ. ಅವರು ಮೊಂಮಾರ್ತ್ರಕ್ಕೆ ಹೋಗಲಿ. ಅಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅಭ್ಯಾಸ ಆಗಿಹೋಗಿದೆ.

ಈ ಆರರಲ್ಲಿ ಇಲ್ಲದ ಕೇರಿಗೆ ಹೋಗುವುದಾದರೆ, ಅಲ್ಲಿ ಬದುಕು ಉಳಿದಿದೆಯೇ ಅಂತ ತಿಳಿಯಲು ನಾನು ಗೋಡೆಯ ಚಿತ್ರ ನೋಡುವುದಿಲ್ಲ, ಗೋಡೆಗೆ ಅಂಟಿಸಿದ ಚೀಟಿ ನೋಡುತ್ತೇನೆ. ಕೋಣೆ ಬೇಕು, ಡ್ರಮ್ ಬಾರಿಸುವವರು ಬೇಕು, ಬೆಕ್ಕು ಕಳೆದಿದೆ, ಬಾಡಿಗೆದಾರರ ಸಭೆ ಗುರುವಾರ. ಅಲ್ಲಿನ ಭಾಷೆಯಲ್ಲಿ, ಕೈಬರಹದಲ್ಲಿ ಇಂಥ ಚೀಟಿಗಳಿದ್ದರೆ ಜನ ಇನ್ನೂ ಅಲ್ಲೇ ಇದ್ದಾರೆ. ಚೀಟಿಗಳೆಲ್ಲ ಇಂಗ್ಲಿಷಿನಲ್ಲಿ ಅಚ್ಚಾಗಿದ್ದು, ಪ್ರವಾಸದ ಸುತ್ತು, ಸೈಕಲ್ ಬಾಡಿಗೆ ಅಂತಷ್ಟೇ ಇದ್ದರೆ ಒಂದು ಕಾಫಿ ಕುಡಿದು ಹೊರಡಿ. ಇನ್ನೊಂದು ಗುರುತು ಹಾರ್ಡ್‌ವೇರ್ ಅಂಗಡಿ. ಮೊಳೆ, ನಲ್ಲಿ ವಾಷರ್ ಮಾರುವ ಅಂಗಡಿ ಇನ್ನೂ ನಡೆಯುತ್ತಿದೆ ಅಂದರೆ ಅಲ್ಲಿ ಮನೆಗಳಿವೆ ಅಂತ.

ನನ್ನನ್ನೇ ಕೇಳಿದರೆ, ಒಂದೇ ಟಿಕೆಟ್ಟಿಗೆ ದುಡ್ಡಿದೆ ಅಂದರೆ ಕ್ರಾಯ್ಟ್ಸ್‌ಬರ್ಗ್. ಮೇ ಕೊನೆಗೋ ಜೂನ್‌ಗೋ ಹೋಗಿ. ರಾತ್ರಿ ಒಂಬತ್ತೂವರೆವರೆಗೆ ಬೆಳಕಿರುತ್ತದೆ. ಮಂಗಳವಾರ ಅಥವಾ ಶುಕ್ರವಾರ ಅಲ್ಲಿರುವ ಹಾಗೆ ನೋಡಿಕೊಳ್ಳಿ. ಕಾಲುವೆಯ ಆಚೆ ದಂಡೆಯಲ್ಲಿ ಟರ್ಕಿಯವರ ಸಂತೆ ಸೇರುವುದು ಆ ಎರಡು ದಿನ. ಸಂತೆ ಮುಗಿಯುವ ಹೊತ್ತಿಗೆ ಹಣ್ಣಿನವರು ಕೂಗಿ ಕೂಗಿ ಬೆಲೆ ಇಳಿಸುತ್ತಾರೆ. ಒಂದು ಚೀಲ ಚೆರ್ರಿ ತೆಗೆದುಕೊಂಡು ಸೇತುವೆ ಕಡೆ ನಡೆಯಿರಿ.